ಘಮದ ಕೆಳಗೆ ಚಹಾ ಇದೆಯಾ?

ಫ್ಲೇವರ್ಡ್ ಟೀ ಕೊಂಡು ತಂದ ದಿನ ನಾನು ಮೊದಲು ಒಲೆ ಹಚ್ಚುವುದಿಲ್ಲ. ಒಂದು ಚಮಚ ಎಲೆಯನ್ನು ಬಿಳಿ ತಟ್ಟೆಗೆ ಸುರಿದು ಬೆರಳಿನಿಂದ ಹರಡುತ್ತೇನೆ. ಗುಲಾಬಿ ಎಸಳು, ಕಿತ್ತಳೆ ಸಿಪ್ಪೆ, ಏಲಕ್ಕಿ ಚೂರು ಎಲ್ಲವನ್ನೂ ಒಂದು ಬದಿಗೆ ಸರಿಸುತ್ತೇನೆ. ಆಮೇಲೆ ಉಳಿಯುವುದೇನು? ಚೆನ್ನಾಗಿ ಸುರುಳಿಯಾದ ಎಲೆಯಾ, ಬರೀ ಕಡ್ಡಿ ಮತ್ತು ಧೂಳಾ? ಅರ್ಧ ತೀರ್ಪು ಅಲ್ಲೇ ಸಿಕ್ಕಿಬಿಡುತ್ತದೆ.

ಒಣಗಿದ ಎಸಳಿನಲ್ಲಿ ಅಂಥ ಘಮ ಉಳಿದಿರುವುದಿಲ್ಲ. ಅದು ಹೆಚ್ಚಾಗಿ ಚೆಂದಕ್ಕೆ. ಪ್ಯಾಕೆಟ್ ಒಡೆದ ಕೂಡಲೇ ಮೂಗಿಗೆ ಬಡಿಯುವುದು ಎಲೆಯ ಮೇಲೆ ಸಿಂಪಡಿಸಿದ ಎಣ್ಣೆ ಅಥವಾ ಎಸೆನ್ಸ್. ಅದರಲ್ಲಿ ತಪ್ಪೇನಿಲ್ಲ. ಅರ್ಲ್ ಗ್ರೇ ಎಂಬ ಹೆಸರಾಂತ ಚಹಾ ಕೂಡ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಯಿಂದಲೇ ಘಮಘಮಿಸುವುದು. ಆ ಹಣ್ಣು ಜಾಸ್ತಿ ಬೆಳೆಯುವುದು ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಲ್ಲಿ. ಹೆಸರು ಮಾತ್ರ 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಚಾರ್ಲ್ಸ್ ಗ್ರೇಯದು. ನನ್ನ ತಕರಾರು ಕಳಪೆ ಎಲೆಯನ್ನು ಮುಚ್ಚಿಡಲು ಎಸೆನ್ಸ್ ಸುರಿಯುವವರ ಮೇಲೆ. ಬೇಳೆ ಬೇಯದ ಸಾರಿಗೆ ಇಂಗಿನ ಒಗ್ಗರಣೆ ಜೋರು ಮಾಡಿದ ಹಾಗೆ ಅದು. ಪ್ಯಾಕೆಟ್ಟಿನ ಹಿಂಬದಿಯ ಪಟ್ಟಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಚಹಾ ಎಲೆ ಎಷ್ಟನೇ ಸಾಲಿನಲ್ಲಿದೆ ನೋಡಿ. ಎಲ್ಲೂ ಇಲ್ಲದಿದ್ದರೆ ಅದು ದಾಸವಾಳದ್ದೋ ಕ್ಯಾಮೊಮೈಲ್ ಎಂಬ ಹೂವಿನದ್ದೋ ಕಷಾಯ. ಅದನ್ನೂ ಸಂತೋಷವಾಗಿ ಕುಡಿಯಿರಿ, ರಾತ್ರಿ ನಿದ್ದೆಗೂ ತೊಂದರೆಯಿಲ್ಲ, ಅದರಲ್ಲಿ ಕೆಫೀನ್ ಇರುವುದಿಲ್ಲ. ಆದರೆ ಚಹಾದ ಅಳತೆಗೋಲಿನಲ್ಲಿ ಅದನ್ನು ತೂಗಬೇಡಿ.

ರುಚಿ ನೋಡಲು ನನಗೆ ಬೇಕಾದದ್ದು ಅಡುಗೆಮನೆಯ ಚಿಕ್ಕ ತಕ್ಕಡಿ, ಒಂದೇ ಅಳತೆಯ ಬಿಳಿ ಕಪ್ಪುಗಳು, ಮೊಬೈಲಿನ ಟೈಮರ್. ಚಹಾ ರುಚಿ ನೋಡುವುದಕ್ಕೆ ಐಎಸ್‌ಒ 3103 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ. 100 ಮಿಲಿ ಕುದಿಯುವ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಹಾಗೆ ಮಾಡಿದ ಚಹಾ ಕುಡಿಯಲು ಹಿತವಲ್ಲ, ಕಡುಒಗರು. ಎಲೆಯ ದೋಷವೆಲ್ಲ ಎದ್ದು ಕಾಣಲಿ ಅಂತಲೇ ಅಷ್ಟು ಗಟ್ಟಿ. ಮನೆಯಲ್ಲಿ ನಾನು 2 ಗ್ರಾಂಗೆ 150 ಮಿಲಿ ನೀರು ಹಾಕಿ 3 ನಿಮಿಷ ಬಿಡುತ್ತೇನೆ. ಪಕ್ಕದಲ್ಲಿ ಅದೇ ಬಗೆಯ ಸಾದಾ ಚಹಾದ ಕಪ್ಪೊಂದು ಇರಲೇಬೇಕು. ಅರ್ಲ್ ಗ್ರೇ ಜೊತೆ ಸಾದಾ ನೀಲಗಿರಿ, ಮಲ್ಲಿಗೆಯ ಜೊತೆ ಸಾದಾ ಗ್ರೀನ್ ಟೀ. ಹೋಲಿಸಲು ಒಂದು ಇಲ್ಲದಿದ್ದರೆ ನಾಲಿಗೆ ಸುಮ್ನೆ ಘಮದ ಹಿಂದೆ ಓಡುತ್ತದೆ.

ಮೊದಲು ಸೋಸಿದ ಎಲೆಯನ್ನು ಬಿಸಿಬಿಸಿಯಾಗಿಯೇ ಮೂಸುತ್ತೇನೆ. ಒಣ ಎಲೆ ಸುಳ್ಳು ಹೇಳಬಹುದು, ನೆನೆದ ಎಲೆ ಹೇಳುವುದು ಕಷ್ಟ. ಆಮೇಲೆ ಚಮಚದಿಂದ ಸೊರ್ ಅಂತ ಎಳೆದು ಕುಡಿಯುವುದು. ನಮ್ಮ ಅತ್ತೆ ಉಡುಪಿ ಕಡೆಯವರು, ಕಾಫಿಯ ಪೈಕಿ. ಈ ಶಬ್ದ ಅವರಿಗೆ ಆಗುವುದೇ ಇಲ್ಲ.

“ಎಂತ ಮಾರಾಯ್ತಿ, ಮಕ್ಕಳಿಗೆ ಬೇಡ ಅಂತ ಬೈದು ನೀನೇ ಹೀಗೆ ಕುಡಿಯುವುದಾ?”

“ಪರೀಕ್ಷೆ ಅತ್ತೆ. ನೀವೂ ಒಂದು ಚಮಚ ಎಳೆದು ನೋಡಿ.”

“ನಂಗೆ ಬೇಡ ನಿನ್ನ ಹೂವಿನ ನೀರು.”

ಆ ಶಬ್ದಕ್ಕೆ ಕಾರಣ ಇದೆ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಅಣಬೆಯಲ್ಲಿ ಸಿಗುವಂಥ ಉಮಾಮಿ ರುಚಿ ಇಷ್ಟೇ. ಗುಲಾಬಿ, ಮಾವು, ಬರ್ಗಮಾಟ್ ಎಲ್ಲ ಮೂಗಿನ ಕೆಲಸ. ಗಾಳಿಯ ಜೊತೆ ಎಳೆದಾಗ ಚಹಾ ಬಾಯಿ ತುಂಬ ಚದುರಿ, ಅದರ ಘಮ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ನೆಗಡಿಯಾದಾಗ ರುಚಿ ನೋಡಲು ಕೂರಬೇಡಿ ಅನ್ನುವುದೂ ಇದಕ್ಕೇ. ಕೊನೆಗೆ ಕಪ್ಪನ್ನು ಪೂರ್ತಿ ಆರಲು ಬಿಟ್ಟು ಮತ್ತೊಮ್ಮೆ ಕುಡಿಯುತ್ತೇನೆ. ನನ್ನ ಮಟ್ಟಿಗೆ ಇದೇ ದೊಡ್ಡ ಪರೀಕ್ಷೆ. ಬಿಸಿ ಇದ್ದಾಗ ಭರ್ಜರಿಯಾಗಿದ್ದ ಎಷ್ಟೋ ಚಾಕೊಲೇಟ್ ಚಹಾಗಳು ಆರಿದ ಮೇಲೆ ಬರೀ ಒಗರು ನೀರು.

ನೀರಿನ ವಿಷಯಕ್ಕೆ ಬಂದರೆ ನಾವು ಮುಂಬೈಯವರು ಅದೃಷ್ಟವಂತರು. ನಲ್ಲಿಯಲ್ಲಿ ಬರುವುದು ಭಾತ್ಸಾ, ತಾನ್ಸಾದಂಥ ಜಲಾಶಯಗಳ ಮೆದು ನೀರು. ಸೊಸೈಟಿಗೆ ಟ್ಯಾಂಕರಿನಲ್ಲಿ ಗಡಸು ನೀರು ಬಂದ ದಿನ ಮಾತ್ರ ಚಹಾದ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ, ನೀರಿನ ಸುಣ್ಣದ ಅಂಶದಿಂದ. ಅಂದು ಹಾಲಿನ ಚಹಾ ಮಾಡಿ ಸುಮ್ಮನಿರುತ್ತೇನೆ. ಗ್ರೀನ್ ಟೀಗೆ ಸುಮಾರು 80 ಡಿಗ್ರಿ ಸಾಕು, ಕುದಿಯುವ ನೀರು ಹೊಯ್ದರೆ ಕಹಿ. ಇದಕ್ಕೆ ಥರ್ಮಾಮೀಟರ್ ಬೇಡ. ಮೂರು ಪಾಲು ಕುದಿಯುವ ನೀರಿಗೆ ಒಂದು ಪಾಲು ಕುಡಿಯುವ ತಣ್ಣೀರು ಬೆರೆಸಿ. ಫ್ರಿಜ್ಜಿನದಲ್ಲ, ಹೊರಗಿಟ್ಟದ್ದು. ಲೆಕ್ಕ ಹೆಚ್ಚುಕಮ್ಮಿ ಸರಿಹೋಗುತ್ತದೆ.

ಹೂವು, ಹಣ್ಣಿನ ಡಬ್ಬಿಗಳೇ ಫ್ಲೇವರ್ಡ್ ಟೀ ಅಂದುಕೊಂಡವರು ಮುಂಬೈಯ ತರಕಾರಿ ಗಾಡಿಯನ್ನು ಸರಿಯಾಗಿ ನೋಡಿಲ್ಲ. ಪುದೀನ ಮತ್ತು ಗವತಿ ಚಹಾ, ಅಂದರೆ ನಮ್ಮ ಮಜ್ಜಿಗೆ ಹುಲ್ಲು, ಅಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. ಪಕ್ಕದ ಮನೆಯ ಗುಜರಾತಿ ಭಾಭಿ ಆ ಹುಲ್ಲನ್ನು ಲೀಲಿ ಚಾ ಅನ್ನುತ್ತಾರೆ. ಎಲೆಯನ್ನು ಕತ್ತರಿಯಿಂದ ಕತ್ತರಿಸಿ, ನೀರಿಗೆ ಹಾಕಿ, ಮುಚ್ಚಳ ಮುಚ್ಚಿ ಕುದಿಸಿ. ಮುಚ್ಚದಿದ್ದರೆ ಘಮ ಅಡುಗೆಮನೆಗೆ, ನಿಮಗೆ ಬರೀ ಹುಲ್ಲು. ಶುಂಠಿಯನ್ನೂ ನೀರಿನಲ್ಲೇ ಚೆನ್ನಾಗಿ ಕುದಿಸಿ ಆಮೇಲೆ ಹಾಲು ಹಾಕಬೇಕು. ಹಸಿ ಶುಂಠಿಯಲ್ಲಿ ಹಾಲನ್ನು ಒಡೆಯುವ ಕಿಣ್ವ ಇದೆ, ಕುದಿಸಿದರೆ ಅದರ ಆಟ ಮುಗಿಯುತ್ತದೆ. ಏಲಕ್ಕಿ ಮಾತ್ರ ಒಲೆ ಆರಿಸುವ ಹೊತ್ತಿಗೆ. ಇಂಥ ಚಹಾಕ್ಕೆ ಸಿಟಿಸಿ, ಅಂದರೆ ಸಣ್ಣ ಕಾಳಿನಂಥ ಗಟ್ಟಿ ಚಹಾ ಪುಡಿಯೇ ಸರಿ. ಹಾಲಿನ ಕೇಸಿನ್ ಎಂಬ ಪ್ರೋಟೀನು ಚಹಾದ ಒಗರನ್ನು ಹಿಡಿದುಕೊಳ್ಳುತ್ತದೆ, ನಾಜೂಕಿನ ಎಲೆಯಾದರೆ ಹಾಲಿನಲ್ಲಿ ಇದ್ದೂ ಇಲ್ಲದ ಹಾಗೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಮಲ್ಲಿಗೆ ಚಹಾವನ್ನು ಮನೆಯಲ್ಲೇ ಮಾಡಿದ್ದು. ಚೀನಾದ ಫುಝೌ ಇದಕ್ಕೆ ಹೆಸರಾದ ಊರು. ಅಲ್ಲಿ ಬಳಸುವ ಹೂವು ನಮ್ಮ ದುಂಡು ಮಲ್ಲಿಗೆಯ ಜಾತಿಯದ್ದೇ, ಇಲ್ಲಿಯವರು ಮೋಗ್ರಾ ಅನ್ನುವುದು. ಉಡುಪಿಯ ಶಂಕರಪುರ ಮಲ್ಲಿಗೆಯೂ ಅದರ ನೆಂಟನೇ. ಒಣಗಿದ ಚಹಾ ಎಲೆ ಸುತ್ತಲಿನ ತೇವವನ್ನೂ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಮಲ್ಲಿಗೆ ಮೊಗ್ಗು ರಾತ್ರಿ ಅರಳಿ ಘಮ ಬಿಡುತ್ತದೆ. ಎರಡನ್ನೂ ಒಂದೇ ಪಾತ್ರೆಯಲ್ಲಿ ಮಲಗಿಸಿದರೆ ಆಯ್ತು. ಎಸೆನ್ಸ್ ಬೇಕಾಗಿಯೇ ಇಲ್ಲ.

ಹೂವು ಮಾತ್ರ ನಮ್ಮ ಬಾಲ್ಕನಿಯ ಕುಂಡದ್ದು, ಸಾಲದ್ದಕ್ಕೆ ಕೆಳಗಿನ ಮನೆಯವರ ಗಿಡದ್ದು. ಮಾಟುಂಗಾದ ಹೂವಿನಂಗಡಿಯ ಮಲ್ಲಿಗೆ ಮುಡಿಯಲು ಚೆಂದ, ಆದರೆ ಅದಕ್ಕೆ ಔಷಧಿ ಹೊಡೆದಿರಬಹುದು, ಹೊಟ್ಟೆಗೆ ಹೋಗುವುದಕ್ಕೆ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಬಿರಿಯಲಿರುವ ಬಿಳಿ ಮೊಗ್ಗು ಕೊಯ್ದು, ನೀರು ತಾಗಿಸದೆ ಇಡುತ್ತೇನೆ. ರಾತ್ರಿ ಊಟದ ಹೊತ್ತಿಗೆ ಬಾಯಿ ಬಿಡುತ್ತವೆ. ಆಗ ಅಗಲದ ಸ್ಟೀಲ್ ಪಾತ್ರೆಯಲ್ಲಿ ಒಂದು ಪದರ ಸಾದಾ ಗ್ರೀನ್ ಟೀ, ಒಂದು ಪದರ ಹೂವು. 50 ಗ್ರಾಂ ಎಲೆಗೆ ಎರಡು ಮುಷ್ಟಿ ಹೂವಾದರೂ ಬೇಕು. ಮೇಲೆ ತೆಳು ಬಟ್ಟೆ. ಬೆಳಿಗ್ಗೆ ಎದ್ದ ಕೂಡಲೇ ಹೂವನ್ನೆಲ್ಲ ಆರಿಸಿ ತೆಗೆಯಬೇಕು. ಬಿಟ್ಟರೆ ಕಂದಾಗಿ, ಬಾಡಿದ ವಾಸನೆ ಎಲೆಗೂ ಹತ್ತುತ್ತದೆ. ಎಲೆ ಆಗ ಸ್ವಲ್ಪ ಮೆತ್ತಗಾಗಿರುತ್ತದೆ. ಮುಂಬೈಯ ಗಾಳಿಯಲ್ಲಿ ಫ್ಯಾನ್ ಕೆಳಗೆ ಹರಡಿದರೆ ಒಣಗುವುದಿಲ್ಲ. ಓವನ್ನನ್ನು 60-70 ಡಿಗ್ರಿಗೆ ಇಟ್ಟು, ಬಾಗಿಲು ಚೂರು ತೆರೆದು, ಎಲೆ ಮುರಿದರೆ ಚಟ್ ಅನ್ನುವ ತನಕ ಒಣಗಿಸುತ್ತೇನೆ. ರಾತ್ರಿ ಮತ್ತೆ ಹೊಸ ಹೂವು. ಫುಝೌನವರೂ ಒಳ್ಳೆಯ ಚಹಾಕ್ಕೆ ಹೀಗೆ ಹಲವು ಸಲ ಹೂವು ಬದಲಿಸುತ್ತಾರೆ. ಒಂದೇ ರಾತ್ರಿಯದ್ದಾದರೆ ಮೂಗಿಗೆ ಮಾತ್ರ ಮಲ್ಲಿಗೆ, ಹಲವು ರಾತ್ರಿ ಮಾಡಿದರೆ ಆರಿದ ಕಪ್ಪಿನಲ್ಲೂ ಮಲ್ಲಿಗೆ.

ಅಂಗಡಿಯ ಡಬ್ಬಿಯಷ್ಟು ಜೋರು ಘಮ ಇದರಲ್ಲಿ ಬರುವುದಿಲ್ಲ. ನನಗೆ ಅದೇ ಇಷ್ಟ, ಎಲೆಯ ಸಿಹಿ ಕೂಡ ಗೊತ್ತಾಗುತ್ತದೆ. ಅತ್ತೆ ಒಂದು ಗುಟುಕು ಕುಡಿದು “ಹೂವು ಮುಡಿದುಕೊಂಡಿದ್ದರೆ ಚೆಂದ ಇತ್ತು” ಅಂದರು. ನಮ್ಮವರಿಗೆ ಹಿಡಿಸಿತು, ಆದರೆ ಅವರು ಏನು ಕೊಟ್ಟರೂ ಕುಡಿಯುವವರು, ಅವರ ವೋಟು ಲೆಕ್ಕಕ್ಕಿಲ್ಲ.

ಎಲೆ ಮಲ್ಲಿಗೆಯನ್ನು ಹೀರಿದ ಹಾಗೆಯೇ ಇಂಗು, ಸಾಂಬಾರು ಪುಡಿ, ಒಣಮೀನನ್ನೂ ಹೀರುತ್ತದೆ. ಚಹಾ ಡಬ್ಬಿಗಳಿಗೆ ನಮ್ಮಲ್ಲಿ ಬೇರೆಯೇ ಕಪಾಟು, ಒಂದೊಂದು ಘಮಕ್ಕೂ ಬಿಗಿ ಮುಚ್ಚಳದ ಬೇರೆ ಡಬ್ಬಿ. ಜೂನ್ ಬಂದರೆ ಹೊಸ ಪ್ಯಾಕೆಟ್ ಒಡೆಯುವುದಿಲ್ಲ. ಒಡೆದದ್ದನ್ನು ಮಳೆಗಾಲ ಮುಗಿಯುವ ಮೊದಲೇ ಕುಡಿದು ಮುಗಿಸುತ್ತೇವೆ, ಬಂದ ನೆಂಟರಿಗೂ ಅದನ್ನೇ ಕೊಡುತ್ತೇವೆ.