ಹಿಮ ಬಿದ್ದ ಬೆಳಗ್ಗೆ, ಕಾಡೊಳಗಿನ ಬೆಟ್ಟದ ಮನೇಲಿ

ರಾತ್ರಿ ಹಿಮ ಬಿದ್ದಿದೆ ಅಂತ ಕಿಟಕಿ ಪರದೆ ಸರಿಸೋಕೆ ಮುಂಚೇನೇ ನಂಗೆ ಗೊತ್ತಾಗ್ಬಿಡುತ್ತೆ, ಹೊರಗಡೆ ಸದ್ದೇ ಇರಲ್ಲ. ಹೊಸ ಹಿಮದಲ್ಲಿ ಹೆಚ್ಚಿನ ಪಾಲು ಬರೀ ಗಾಳಿ, ಆ ಸಂದಿಗಳಲ್ಲಿ ಶಬ್ದ ಸಿಕ್ಕಾಕೊಂಡು ಅಲ್ಲೇ ಅಡಗಿಹೋಗುತ್ತೆ, ಆಮೇಲೆ ಹಿಮ ಕುಸಿದು ಗಟ್ಟಿಯಾದ್ರೆ ಈ ಮೌನ ಸಿಗಲ್ಲ. ಅದಕ್ಕೇ ನಾನು ಹೇಳೋದು, ಮಜಾ ಏನಿದ್ರೂ ಮೊದಲ್ನೇ ಬೆಳಗ್ಗೆ, ಅದೂ ಬಿಸಿಲೇರೋಕೆ ಮುಂಚೆ.

ತಯಾರಿ ಎಲ್ಲಾ ಹಿಂದಿನ ರಾತ್ರೀನೇ ಮುಗಿಸ್ತೀನಿ. ಕಟ್ಟಿಗೆ, ಪುರಳೆ ಒಳಗೆ ತಂದಿಡೋದು (ಕಟ್ಟಿಗೇಲಿ ತೇವ ಶೇ. 20ಕ್ಕಿಂತ ಕಮ್ಮಿ ಇರ್ಬೇಕು, ಇಲ್ಲಾಂದ್ರೆ ಬರೀ ಹೊಗೆ, ಜೊತೆಗೆ ಚಿಮಣಿ ಒಳಗೆಲ್ಲ ಜಿಡ್ಡು), ಮಲಗೋ ಮುಂಚೆ ಕೆಂಡದ ಮೇಲೆ ಬೂದಿ ಮುಚ್ಚೋದು. ಬೆಳಗ್ಗೆ ಬೂದಿ ಸರಿಸಿ ಪುರಳೆ ಇಟ್ಟು ಒಲೆಯ ಗಾಳಿ ಕಿಂಡಿ ಪೂರ್ತಿ ತೆಗೆದ್ರೆ ಬೆಂಕಿಕಡ್ಡೀನೂ ಬೇಕಾಗಲ್ಲ.

ಎದ್ದ ತಕ್ಷಣ ಸಲಿಕೆ ಹಿಡಿಯೋರನ್ನ ಕಂಡ್ರೆ ನಂಗೆ ಅಯ್ಯೋ ಅನ್ಸುತ್ತೆ. ಒಂದೇ ಒಂದು ಕೆಲಸ ಮಾತ್ರ ಮೊದ್ಲು ಮಾಡ್ಲೇಬೇಕು, ಹೀಟರಿನ ಹೊಗೆ ಕೊಳವೆ ಬಾಯಿ ಹಿಮದಲ್ಲಿ ಮುಚ್ಚಿದ್ರೆ ಬಿಡಿಸೋದು, ಯಾಕಂದ್ರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಮನೆಯೊಳಗೆ ತುಂಬ್ಕೊಂಡ್ರೆ ವಾಸನೇನೂ ಬರಲ್ಲ.

ಆಮೇಲೆ ಉಣ್ಣೆ ಬಟ್ಟೆ ಹಾಕ್ಕೊಂಡು ಕಾಡಿನ ಕಡೆ ಹೊರಡ್ತೀನಿ. ಕಾಟನ್ ಬೇಡ್ವೇ ಬೇಡ, ಬೆವರಿಗೆ ಒದ್ದೆಯಾದ್ರೆ ಮೈಯೆಲ್ಲ ತಣ್ಣಗಾಗುತ್ತೆ. ನಂಗೆ ತುಂಬಾ ಇಷ್ಟ ಹೆಜ್ಜೆ ಗುರುತು ನೋಡೋದು, ರಾತ್ರಿಯೆಲ್ಲಾ ಯಾರ್ಯಾರು ಓಡಾಡಿದ್ರು ಅನ್ನೋದು ಹಿಮದ ಮೇಲೆ ಬರೆದಿಟ್ಟ ಹಾಗೆ ಕಾಣುತ್ತೆ. ಮೊಲದ ಗುರುತಲ್ಲಿ ತುಂಬಾ ಜನ ಏಮಾರ್ತಾರೆ, ಎರಡು ದೊಡ್ಡ ಗುರುತು ಹಿಂಗಾಲಿಂದು ಆದ್ರೆ ಅವೇ ಮುಂದೆ ಇರುತ್ವೆ, ನೆಗೆಯೋವಾಗ ಹಿಂಗಾಲು ಮುಂಗಾಲನ್ನ ದಾಟಿ ಬೀಳೋದ್ರಿಂದ, ಹಾಗಾಗಿ ಅದು ಹೋಗಿದ್ದು ದೊಡ್ಡ ಗುರುತು ಇರೋ ಕಡೆಗೇ. ನರಿಯದ್ದಾದ್ರೆ ನೂಲು ಹಿಡಿದಂಗೆ ಒಂದೇ ಗೆರೆ. ಗುರುತಿನ ಅಂಚು ಇನ್ನೂ ಚೂಪಾಗಿದ್ರೆ ಈಗಷ್ಟೇ ಹೋಗಿದೆ ಅಂತ ಅರ್ಥ, ಅಲ್ಲೇ ಸುಮ್ನೆ ನಿಂತ್ರೆ ಕೆಲವೊಮ್ಮೆ ಕಾಣ್ಸೋದೂ ಉಂಟು.

ಬಿಸಿಲು ಬಂದ್ಮೇಲೆ ಕೂಲಿಂಗ್ ಗ್ಲಾಸ್ ಬೇಕೇ ಬೇಕು, ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಲ್ಲಿ ಶೇ. 80ಕ್ಕೂ ಹೆಚ್ಚು ವಾಪಸ್ ಎಸೆಯುತ್ತೆ, ಕಣ್ಣು ಸುಟ್ಟಂಗಾಗುತ್ತೆ. ಮರದ ಕೆಳಗೂ ನಿಲ್ಲಲ್ಲ ನಾನು, ಕೊಂಬೆ ಮೇಲಿನ ರಾಶಿ ದಬ್ ಅಂತ ತಲೆ ಮೇಲೇ ಬೀಳುತ್ತೆ.

ಸಲಿಕೆ ಸರದಿ ಆಮೇಲೆ. ಒಣ ಹಿಮ ಹಗುರ, ಕರಗೋಕೆ ಶುರುವಾದ್ರೆ ಎತ್ತೋಕಾಗಲ್ಲ, ಅಷ್ಟರೊಳಗೆ ಬಾಗಿಲಿಂದ ಕಟ್ಟಿಗೆ ರಾಶಿವರೆಗೆ ಒಂದು ದಾರಿ ಮಾಡ್ಕೊಳ್ತೀನಿ, ಉಳಿದಿದ್ದು ಬಿದ್ದಿರ್ಲಿ ಬಿಡಿ.