ಕ್ಲೇಮ್ ಮಾಡ್ಬೇಕಾ? ಮೊದಲು ಬಿಳಿ ಕಾಯಿ ಇಡಿ: ಮಾಫಿಯಾ ಆಡಿಸಿದ ನನ್ನ ಅನುಭವ

ಮಾಫಿಯಾ ಆಟದಲ್ಲಿ ರೋಲ್ ಕ್ಲೇಮ್ ಮಾಡುವುದಕ್ಕೂ, ಅಂದರೆ ಗುಟ್ಟಾಗಿ ಸಿಕ್ಕ ಪಾತ್ರ ಇಂಥದ್ದು ಅಂತ (ನಿಜವೋ ಸುಳ್ಳೋ) ಹೇಳಿಕೊಳ್ಳುವುದಕ್ಕೂ, ಕೇರಂ ಕಾಯಿ ಹಂಚಿ ಒಂದು ಶಿಸ್ತು ತರಬಹುದು ಅಂದಾಗ ನಮ್ಮ ಗುಂಪಿನಲ್ಲಿ ನಗದವರೇ ಇರಲಿಲ್ಲ. ಬೆಂಗಳೂರಿನಿಂದ ಆಗಾಗ ಬರುವ ಹಳೇ ಆಟಗಾರರೊಬ್ಬರಂತೂ, "ಬ್ಲಫ್ ಆಟಕ್ಕೆ ಕಾಯಿ ಹಂಚಿದ್ರೆ ಅದು ಪಗಡೆ ಆಗುತ್ತೆ ಗುರು" ಅಂದರು. ಈಗ ಒಂದೂವರೆ ವರ್ಷದಿಂದ ಮೈಸೂರಿನ ನಮ್ಮ ಶನಿವಾರದ ಆಟ ಅದೇ ಕಾಯಿಗಳ ಮೇಲೆ ನಡೆಯುತ್ತಿದೆ. ಅವರೂ ಅದನ್ನ ಬೆಂಗಳೂರಿಗೆ ಒಯ್ದು ತಮ್ಮವರಿಗೆ ಆಡಿಸಿದ್ದಾರೆ. ಕೇಳಿದರೆ ಒಪ್ಪಿಕೊಳ್ಳಲ್ಲ, ಅದು ಬೇರೆ ಮಾತು.

ಆಟದ ನಿಯಮ ಪೂರ್ತಿ ವಿವರಿಸಲು ಹೋಗಲ್ಲ. ನೀವೂ ಗಾಡ್, ಅಂದರೆ ಆಟ ಆಡಿಸುವವರು, ಆಗಿ ಎಲ್ಲರ ಕಣ್ಣು ಮುಚ್ಚಿಸಿದವರೇ ಅಂದುಕೊಂಡಿದ್ದೇನೆ. ನಮ್ಮದು ಒಂಬತ್ತು ಜನರ ಆಟ. ರಾತ್ರಿ ಗುಟ್ಟಾಗಿ ಒಬ್ಬರನ್ನ ಕೊಲ್ಲುವ ಇಬ್ಬರು ಮಾಫಿಯಾ, ಒಬ್ಬರು ಮಾಫಿಯಾನಾ ಅಂತ ಚೆಕ್ ಮಾಡುವ ಒಬ್ಬ ಡಿಟೆಕ್ಟಿವ್, ಒಬ್ಬರನ್ನ ಉಳಿಸುವ ಒಬ್ಬ ಡಾಕ್ಟರ್, ಉಳಿದವರು ಊರವರು. ಹಗಲು ಎಲ್ಲರೂ ವೋಟು ಹಾಕಿ ಒಬ್ಬರನ್ನ ಔಟ್ ಮಾಡುತ್ತಾರೆ. ಡಾಕ್ಟರ್ ಒಬ್ಬರನ್ನೇ ಸತತ ಎರಡು ರಾತ್ರಿ ಉಳಿಸುವ ಹಾಗಿಲ್ಲ.

ತೊಂದರೆ ಏನಿತ್ತು ಅಂದರೆ, ಮೊದಲ ಬೆಳಗ್ಗೆಯೇ ಮೂರು ಜನ "ನಾನೇ ಡಿಟೆಕ್ಟಿವ್" ಅನ್ನುತ್ತಿದ್ದರು. ಒಬ್ಬ ನಿಜವಾದವನು, ಒಬ್ಬ ಮಾಫಿಯಾ, ಇನ್ನೊಬ್ಬ ಸುಮ್ನೆ ಮಜಾಕ್ಕೆ ಬಾಯಿ ಹಾಕಿದ ಊರವನು. ಅಲ್ಲಿವರೆಗೆ ಸರಿ, ಅದೇ ಆಟ ಅಲ್ವಾ. ಆಮೇಲಿನದು ಕಷ್ಟ. "ಅಮ್ಮನಾಣೆ ನಾನೇ ಕಣೋ." "ಆಟ ಬಿಟ್ಟು ಹೇಳ್ತಿದೀನಿ, ನಂಬು." "ಹತ್ತು ವರ್ಷದ ಫ್ರೆಂಡು, ನಿನಗೆ ಸುಳ್ಳು ಹೇಳ್ತೀನಾ ಮಗಾ?" ಕೆಲವರು ಆಣೆಯನ್ನ ನೀರು ಕುಡಿದ ಹಾಗೆ ಹಾಕುತ್ತಾರೆ. ಕೆಲವರು ಸತ್ತರೂ ಹಾಕಲ್ಲ. ನಮ್ಮಲ್ಲಿ ಒಬ್ಬರು ಅಕ್ಕ ಇದ್ದಾರೆ, ನಿಜ ಹೇಳುವಾಗಲೂ ಆಣೆ ಇಡಲ್ಲ. "ಆಣೆ ಹಾಕಿ ಅಕ್ಕ" ಅಂತ ಎಲ್ಲರೂ ಪೀಡಿಸಿ, ಹಾಕದಿದ್ದಕ್ಕೆ ಅವರನ್ನೇ ಔಟ್ ಮಾಡುತ್ತಿದ್ದರು. ಅವರು ಬಹುತೇಕ ಸಲ ಡಾಕ್ಟರೋ ಊರವರೋ ಆಗಿರುತ್ತಿದ್ದರು. ಎರಡು ತಿಂಗಳು ಬರಲೇ ಇಲ್ಲ.

ಮೊದಲು ದಂಡ ಹಾಕಿ ನೋಡಿದೆ. ಒಂದು ಆಣೆಗೆ ಹತ್ತು ರೂಪಾಯಿ, ಟೇಬಲ್ ಮೇಲಿನ ಡಬ್ಬಿಗೆ. ಏನಾಯ್ತು ಗೊತ್ತಾ? ಆಣೆಗೆ ಬೆಲೆ ಬಂತು! ಒಬ್ಬ ಗತ್ತಿನಿಂದ ಹತ್ತರ ನೋಟು ಡಬ್ಬಿಗೆ ಹಾಕಿ, "ದುಡ್ಡು ಕೊಟ್ಟು ಹೇಳ್ತಿದೀನಿ, ಈಗಲಾದ್ರೂ ನಂಬಿ" ಅಂದ. ಎಲ್ಲರೂ ನಂಬಿದರು. ಅವನು ಮಾಫಿಯಾ. ಐವತ್ತಕ್ಕೆ ಏರಿಸಿದೆ. ಅಷ್ಟಕ್ಕೆ ಸಂಬಳದವರಿಗೂ ಕಾಲೇಜು ಹುಡುಗರಿಗೂ ಜಗಳ ಹತ್ತಿತು. ಸಂಬಳದವರು ಆಣೆ ಕೊಳ್ಳಬಹುದು, ಹುಡುಗರಿಗೆ ಆಗಲ್ಲ. ಡಬ್ಬಿಯಲ್ಲಿ ಏಳೆಂಟು ನೂರು ಸೇರಿತ್ತು. ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿ ಆ ಪದ್ಧತಿಗೆ ಮಂಗಳ ಹಾಡಿದೆ.

ಆಮೇಲೆ ಕ್ಲೇಮನ್ನೇ ನಿಷೇಧಿಸಿದೆ. ರೋಲ್ ಹೆಸರು ಬಾಯಿಗೆ ಬಂದರೆ ಆ ದಿನದ ವೋಟು ಇಲ್ಲ. ಇದು ಇನ್ನೂ ಕೆಟ್ಟದಾಯಿತು. ಡಿಟೆಕ್ಟಿವ್ ಇಬ್ಬರನ್ನ ಚೆಕ್ ಮಾಡಿ, ಗೊತ್ತಿದ್ದದ್ದನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಸಾಯುತ್ತಿದ್ದ. ಜನ ಕೆಮ್ಮಿ, ಹುಬ್ಬು ಹಾರಿಸಿ ಕ್ಲೇಮ್ ಮಾಡಲು ಶುರು ಮಾಡಿದರು. ಹೆಚ್ಚುಕಡಿಮೆ ಪ್ರತಿ ಆಟ ಮಾಫಿಯಾದ್ದೇ.

ದುಡ್ಡು ಜಾಸ್ತಿ ಹೋಗಿದ್ದು ಕಾರ್ಡಿಗೆ. ರೋಲ್ ಬರೆದು ಹಂಚುವ ಚೀಟಿ ಚೆನ್ನಾಗಿ ಕಾಣಲ್ಲ ಅಂತ ಪ್ಲಾಸ್ಟಿಕ್ ಕಾರ್ಡ್ ಮಾಡಿಸಿದೆ, ಐಡಿ ಕಾರ್ಡಿನ ಥರದ್ದು. ಡಿಸೈನೂ ಸೇರಿ ಎರಡು ಸಾವಿರ ದಾಟಿರಬೇಕು. ಪ್ರತಿ ಕಾರ್ಡಿನಲ್ಲೂ ಆ ರೋಲಿನ ಕೆಲಸ ನಾಲ್ಕು ಸಾಲಿನಲ್ಲಿ. ನೋಡಲು ಸೊಗಸಾಗಿತ್ತು. ಮೂರನೇ ವಾರಕ್ಕೆ ಒಬ್ಬಳು ಕೇಳಿದಳು: "ನೀನು ಡಾಕ್ಟರ್ ಆದ್ರೆ ನಿನ್ನ ಕಾರ್ಡಿನ ಕೊನೇ ಸಾಲು ಏನು ಹೇಳು?" ಅಲ್ಲಿಗೆ ಬ್ಲಫ್ ಮುಗಿಯಿತು. ನಿಜವಾದವನು ಮಾತ್ರ ಉತ್ತರ ಹೇಳಬಲ್ಲ. ಜೊತೆಗೆ ಒಂದು ಮಾಫಿಯಾ ಕಾರ್ಡಿನ ಮೂಲೆ ಗೀರಿತ್ತು, ಅದು ಎಲ್ಲರಿಗೂ ಗೊತ್ತಾಗಿತ್ತು. ಈಗ ಮತ್ತೆ ಚೀಟಿ. ಚೀಟಿಯಲ್ಲಿ ಒಂದೇ ಪದ, ಎಲ್ಲ ರೋಲುಗಳ ವಿವರ ಟೇಬಲ್ ನಡುವಿನ ಒಂದು ಹಾಳೆಯಲ್ಲಿ. ಚೀಟಿಯನ್ನ ಪ್ರತಿ ಆಟಕ್ಕೂ ಹರಿದು ಹೊಸದು ಬರೆಯುತ್ತೇನೆ. ಖರ್ಚು ಸೊನ್ನೆ.

ದಾರಿ ಹೊಳೆದಿದ್ದು ಅವಲಾನ್ ಅನ್ನುವ ಇಂಥದೇ ಬ್ಲಫ್ ಆಟ ಆಡಿದಾಗ. ಅಲ್ಲಿ ಬಾಯಲ್ಲಿ ಏನು ಬೇಕಾದರೂ ಹೇಳಬಹುದು, ಕಾರ್ಡ್ ತೋರಿಸುವ ಹಾಗಿಲ್ಲ ಅಷ್ಟೇ. ಆದರೂ ನಮ್ಮ ಇದೇ ಬಾಯಿಬಡುಕರು ಅಲ್ಲಿ ತೂಕವಾಗಿ ಮಾತಾಡುತ್ತಿದ್ದರು. ಯಾಕೆ? ಅಲ್ಲಿ ಒಳ್ಳೆಯವರ ಕಡೆಯ ಮರ್ಲಿನ್‌ಗೆ ಕೆಟ್ಟವರು ಯಾರು ಅಂತ ಗೊತ್ತು. ಆದರೆ ಒಳ್ಳೆಯವರು ಮೂರು ಮಿಷನ್ ಗೆದ್ದ ಮೇಲೂ ಕೆಟ್ಟವರ ಕಡೆಯ ಅಸಾಸಿನ್ ಮರ್ಲಿನ್ನನ್ನ ಸರಿಯಾಗಿ ಗುರುತಿಸಿದರೆ ಕೆಟ್ಟವರು ಗೆಲ್ಲುತ್ತಾರೆ. ಅಂದರೆ ಕ್ಲೇಮಿಗೆ ಬೆಲೆ ಆಟದೊಳಗೇ ಇದೆ. ಮಾಫಿಯಾದಲ್ಲಿ ಅದು ತೀರಾ ಕಡಿಮೆ. 1986ರ ಸುಮಾರಿಗೆ ಮಾಸ್ಕೋದಲ್ಲಿ ದಿಮಿತ್ರಿ ಡೇವಿಡಾಫ್ ಇದನ್ನ ಕಟ್ಟಿದಾಗ ಇದ್ದದ್ದು ಮಾಫಿಯಾ ಮತ್ತು ಊರವರು, ಎರಡೇ ಬಣ. ಡಾಕ್ಟರು, ಡಿಟೆಕ್ಟಿವ್ ಎಲ್ಲ ಆಮೇಲೆ ಸೇರಿಕೊಂಡವರು. ಅವರು ಬಂದ ಮೇಲೆ ಕ್ಲೇಮ್ ಬಂತು, ಅದಕ್ಕೆ ಬೆಲೆ ಕಟ್ಟುವ ಕೆಲಸ ಆಡಿಸುವವನ ತಲೆಗೆ ಬಂತು. ನಾನು ದುಡ್ಡಿನ ದಂಡದಲ್ಲಿ ಹುಡುಕುತ್ತಿದ್ದ ಬೆಲೆ ಟೇಬಲ್ ಮೇಲೆ ಇರಬೇಕಾಗಿತ್ತು.

ಮನೆಯಲ್ಲಿ ಹಳೇ ಕೇರಂ ಕಾಯಿಗಳಿದ್ದವು. ಒಂಬತ್ತು ಬಿಳಿ, ಒಂಬತ್ತು ಕಪ್ಪು, ಒಂದು ರೆಡ್. ಒಂಬತ್ತು ಜನಕ್ಕೆ ಅಳತೆ ಮಾಡಿ ಕೊಟ್ಟ ಹಾಗೆ. ಎಲ್ಲರಿಗೂ ಒಂದು ಬಿಳಿ, ಒಂದು ಕಪ್ಪು. "ನಾನು ಡಿಟೆಕ್ಟಿವ್" ಅನ್ನಬೇಕಾದರೆ ಬಿಳಿ ಕಾಯಿ ಮುಂದೆ ಇಡಬೇಕು. ಸುಳ್ಳು ಹೇಳಿಯೂ ಇಡಬಹುದು, ಅದಕ್ಕೆ ಯಾವ ತಡೆಯೂ ಇಲ್ಲ. ಆದರೆ ಇಡೀ ಆಟಕ್ಕೆ ಒಂದೇ ಸಲ. ಕಾಯಿ ಇಡದೆ ಹೇಳಿದ್ದು ಹರಟೆ, ಯಾರೂ ಅದನ್ನ ಹಿಡಿದು ವಾದಿಸುವ ಹಾಗಿಲ್ಲ. ಮಾತು ವಾಪಸ್ ತಗೊಳ್ಳಬೇಕಾದರೆ ಬಿಳಿಯ ಮೇಲೆ ಕಪ್ಪು ಇಡಬೇಕು. ಅದೂ ಒಂದೇ ಸಲ. ಹೀಗೆ ವಾಪಸ್ ತಗೊಂಡ ಊರವನನ್ನ ಯಾರೂ ಬೈಯುವ ಹಾಗಿಲ್ಲ, ಇದು ನಮ್ಮ ಟೇಬಲ್ಲಿನ ಮರ್ಯಾದೆ. ಮಾಫಿಯಾದ ಗುಂಡನ್ನ ತನ್ನ ಮೇಲೆ ಎಳೆದುಕೊಳ್ಳಲು ಊರವನು ಡಿಟೆಕ್ಟಿವ್ ಅಂತ ಬ್ಲಫ್ ಮಾಡುವುದು ಒಳ್ಳೆಯ ಆಟವೇ. ನಿಜವಾದವನು "ಅಲ್ಲ, ನಾನೇ" ಅಂತ ಕೌಂಟರ್ ಮಾಡಿದ ಮೇಲೂ ಹಠ ಹಿಡಿದು ಒಂದು ಹಗಲು ಹಾಳು ಮಾಡುತ್ತಿದ್ದದ್ದು ಕೆಟ್ಟದ್ದು. ಕಪ್ಪು ಕಾಯಿ ಬಂದ ಮೇಲೆ ಮರ್ಯಾದೆಯಿಂದ ಹಿಂದೆ ಸರಿಯಲು ಒಂದು ದಾರಿ ಸಿಕ್ಕಿತು.

ರೆಡ್ ನನ್ನ ಹತ್ತಿರ ಇರುತ್ತದೆ. ವೋಟಿನಲ್ಲಿ ಔಟ್ ಆದವರ ಕೈಗೆ ಕೊಡುತ್ತೇನೆ. ಅದು ಕೈಯಲ್ಲಿರುವಷ್ಟು ಹೊತ್ತು, ಸುಮಾರು ಅರ್ಧ ನಿಮಿಷ, ಅವರೊಬ್ಬರೇ ಮಾತಾಡಬೇಕು. ಆಮೇಲೆ ಮಾತಿಲ್ಲ.

ಆಣೆ? ಅದನ್ನ ನಿಷೇಧಿಸುವ ಅಗತ್ಯವೇ ಬೀಳಲಿಲ್ಲ. ಯಾರಾದರೂ "ಅಮ್ಮನಾಣೆ" ಅಂದ ಕೂಡಲೇ ಪಕ್ಕದವರು "ಕಾಯಿ ಎಲ್ಲಿ?" ಅನ್ನುತ್ತಾರೆ. ಅಷ್ಟೇ. ಅಕ್ಕ ವಾಪಸ್ ಬಂದರು. ಹೋದ ತಿಂಗಳು ಮಾಫಿಯಾ ಆಗಿ, ಮೊದಲ ದಿನವೇ ಡಾಕ್ಟರ್ ಅಂತ ಬಿಳಿ ಇಟ್ಟು, ನಿಜವಾದ ಡಾಕ್ಟರ್ ಬಾಯಿ ಬಿಟ್ಟ ತಕ್ಷಣ ಕಪ್ಪು ಇಟ್ಟು, "ನಾನು ಊರವಳು, ಡಾಕ್ಟರನ್ನ ಕಾಪಾಡಕ್ಕೆ ಹಾಗೆ ಹೇಳ್ದೆ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ರಾತ್ರಿ ಡಾಕ್ಟರ್ ಸತ್ತ. ಕೊನೆಗೆ ಅಕ್ಕನೇ ಗೆದ್ದರು.

ಮೊದಲ ಎರಡು ಮೂರು ವಾರ ಇದೂ ಕುಂಟಿತು. ಎಲ್ಲರೂ ಕಾಯಿಯನ್ನ ಜಿಪುಣರ ಥರ ಹಿಡಿದುಕೊಂಡು ಕೂತರು, ಡಿಟೆಕ್ಟಿವ್‌ಗಳು ಮತ್ತೆ ಬಾಯಿ ಬಿಡದೆ ಸತ್ತರು. ಅದಕ್ಕೆ ಒಂದು ಚಿಕ್ಕ ತಿದ್ದುಪಡಿ: ಸಾಯುವಾಗ ಬಿಳಿ ಕಾಯಿ ಉಳಿದಿದ್ದರೆ ಅದು ಪೋಲು. ಬ್ಲಡ್ ಆನ್ ದ ಕ್ಲಾಕ್‌ಟವರ್ ಅನ್ನುವ ಇಂಥದೇ ಇನ್ನೊಂದು ಆಟದಲ್ಲಿ ಸತ್ತವರಿಗೂ ಒಂದು ವೋಟು ಉಳಿಯುತ್ತದಲ್ಲ, ಅದನ್ನ ಕದ್ದು, ಬದುಕಿದ್ದಾಗ ಬಿಳಿ ಇಟ್ಟವರಿಗೆ ಮಾತ್ರ ಸತ್ತ ಮೇಲೆ ಒಂದು ವೋಟು ಅಂತ ಮಾಡಿದೆ. ಅಲ್ಲಿಂದ ಕಾಯಿಗಳು ಓಡಾಡತೊಡಗಿದವು. ಅಂದಹಾಗೆ ಆ ಕ್ಲಾಕ್‌ಟವರ್ ಪೆಟ್ಟಿಗೆ ತರಿಸೋಣ ಅಂತ ಒಮ್ಮೆ ಲೆಕ್ಕ ಹಾಕಿದ್ದೆ. ಸಾಗಣೆ ಸೇರಿ ಹದಿನೈದು ಸಾವಿರದ ಮೇಲೆ ಹೋಗುತ್ತಿತ್ತು. ಆ ಯೋಚನೆ ಬಿಟ್ಟೆ.

ಇದೇ ಕಾಯಿಗಳನ್ನ ಅವಲಾನ್‌ಗೂ ಹಾಕಿ ನೋಡಿದೆ. ಪ್ರಯೋಜನ ಇಲ್ಲ. ಅಲ್ಲಿ ಕ್ಲೇಮಿಗೆ ಆಗಲೇ ಬೆಲೆ ಇದೆ, ಇನ್ನೊಂದು ಬೇಡ. ಮಕ್ಕಳ ಜೊತೆ ರಾಜ ಮಂತ್ರಿ ಕಳ್ಳ ಪೊಲೀಸ್ ಚೀಟಿ ಆಟಕ್ಕೂ ಪ್ರಯತ್ನಿಸಿದೆ. ಅದರಲ್ಲಿ ರಾಜ ತಾನಾಗೇ ಎದ್ದು ಹೇಳಲೇಬೇಕು. ನಾನು ಅದನ್ನ ಬದಲಿಸಿ, ಹೇಳುವುದು ಬಿಡುವುದು ಅವನ ಇಷ್ಟ, ಬೇರೆಯವರೂ ರಾಜ ಅಂತ ಬ್ಲಫ್ ಮಾಡಬಹುದು ಅಂದೆ. ನಾಲ್ಕು ಜನ, ನಾಲ್ವರೂ ರಾಜರು. ಸಾವಿರ ಪಾಯಿಂಟು ಯಾರಿಗೆ ಬರೆಯಬೇಕು ಅನ್ನುವುದೇ ದೊಡ್ಡ ಗಲಾಟೆ. ಚಿಕ್ಕವನು ಅತ್ತು, ನನಗೇ ಬೈಗುಳ ಬಿತ್ತು.

ಎರಡು ವಿಷಯ ಹೇಳಲ್ಲ. ಗಂಡ ಹೆಂಡತಿ ಜೊತೆಗೆ ಬಂದಾಗ ಒಬ್ಬರ ಮುಖ ನೋಡಿ ಇನ್ನೊಬ್ಬರು ರೋಲ್ ಊಹಿಸದ ಹಾಗೆ ಏನು ಮಾಡುತ್ತೇನೆ ಅನ್ನುವುದು ಒಂದು. ಮೊದಲು ಯಾರಿಂದ ಮಾತು ಶುರು ಮಾಡಿಸುತ್ತೇನೆ ಅನ್ನುವುದು ಇನ್ನೊಂದು. ನಮ್ಮವರೂ ಇದನ್ನ ಓದುತ್ತಾರೆ. ಆಟದ ರಾತ್ರಿಯಲ್ಲಿ ಎಲ್ಲರೂ ಟೇಬಲ್ ತಟ್ಟುತ್ತಿರಬೇಕು, ಯಾರೋ ಕೈ ಆಡಿಸಿದ ಸದ್ದು ಕೇಳಬಾರದು ಅನ್ನುವುದು ನಿಮಗೆ ಗೊತ್ತೇ ಇರುತ್ತದೆ. ಕೆಫೆಯವರಿಗೆ ಮಾತ್ರ ಮೊದಲೇ ಹೇಳಿಡಿ. ಈ ಸದ್ದಿಗೆ ನಮ್ಮನ್ನ ಒಂದು ಕಡೆಯಿಂದ ಹೊರಗೆ ಕಳಿಸಿದ್ದಾರೆ, ತಲೆಗೆ ನೂರೈವತ್ತರ ಆರ್ಡರ್ ಕೊಟ್ಟ ಮೇಲೂ.

ಹತ್ತನೆಯವರು ಬಂದರೆ ಏನು ಅಂತ ಎಲ್ಲರೂ ಕೇಳುತ್ತಾರೆ. ಇನ್ನೊಂದು ಸೆಟ್ ಕಾಯಿ ಇನ್ನೂರರ ಒಳಗೆ ಸಿಗುತ್ತದೆ. ಆದರೆ ಹೊಸ ಕಾಯಿ ಹೊಳೆಯುತ್ತದೆ, ಹಳೆಯದು ಮಂಕು. ಯಾರ ಕಾಯಿ ಯಾವುದು ಅಂತ ಗುರುತು ಹಿಡಿಯಬಹುದು. ಇಲ್ಲಿ ಕಾಯಿ ಗುರುತಾದರೆ ನಷ್ಟವೇನಿಲ್ಲ, ಹೇಗೂ ಎಲ್ಲರ ಎದುರೇ ಇಡುವುದು. ಧೈರ್ಯವಾಗಿ ಬೆರೆಸಿ ಆಡಿ. ಹನ್ನೆರಡು ದಾಟಿದರೆ ಮಾತ್ರ ಎರಡು ಟೇಬಲ್ ಮಾಡಿ, ಇನ್ನೊಬ್ಬ ಗಾಡ್ ಹುಡುಕಿಕೊಳ್ಳಿ.