ಟೈಲ್ಸ್ ಕೆಳಗಿನ ಸೆನ್ಸರ್: ಹೂಳುವ ಮೊದಲು ಅಳೆಯಿರಿ

ಜರ್ಮನಿಯ ಜನವರಿಯಲ್ಲಿ ಬೆಳಗ್ಗೆ ಬಚ್ಚಲಿನ ಟೈಲ್ಸ್ ಮೇಲೆ ಬರಿಗಾಲಿಟ್ಟರೆ ನೆತ್ತಿಯವರೆಗೂ ಝುಮ್ಮೆನ್ನುತ್ತದೆ. ಅದಕ್ಕೇ ಇಲ್ಲಿ ಟೈಲ್ಸ್ ಅಡಿಗೆ ಬಿಸಿಯಾಗುವ ಕೇಬಲ್ ಹಾಸುತ್ತಾರೆ. ಕೇಬಲ್ ಆರಿಸಲು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ನಾವು, ನೆಲದ ಬಿಸಿ ಅಳೆಯುವ ಪುಟ್ಟ ಸೆನ್ಸರನ್ನು ಮರೆತೇಬಿಡುತ್ತೇವೆ. ನಮ್ಮ ಮನೆಯಲ್ಲಿ ಕೆಲಸದವರು ಅದನ್ನು ಪೈಪಿಲ್ಲದೆ ನೇರ ಟೈಲ್ಸ್ ಅಂಟಿನಲ್ಲೇ ಹೂತರು. ಎರಡನೇ ಚಳಿಗಾಲಕ್ಕೆ ಅದು ಕೈಕೊಟ್ಟಿತು. ಅದನ್ನು ತೆಗೆಯಲು ಟೈಲ್ಸ್ ಒಡೆಯಬೇಕಾಯಿತು, ಈಗಲೂ ಬಾಗಿಲ ಬಳಿ ಮೂರು ಟೈಲ್ಸ್ ಬಣ್ಣ ಬೇರೆ!

ಮೊದಲ ಕೆಲಸ, ಸೆನ್ಸರ್ ನೋಡಿಕೊಂಡು ಕೇಬಲ್ ಆನ್-ಆಫ್ ಮಾಡುವ ಗೋಡೆಯ ಥರ್ಮೋಸ್ಟಾಟಿನ ಪುಸ್ತಕ ತೆಗೆದು ಅದು ಯಾವ ಸೆನ್ಸರ್ ಕೇಳುತ್ತದೆ ಎಂದು ನೋಡುವುದು. ಸಾಮಾನ್ಯವಾಗಿ ಅದು ಎನ್‌ಟಿಸಿ. ಬಿಸಿ ಏರಿದಂತೆ ಇದರ ರೆಸಿಸ್ಟೆನ್ಸ್, ಅಂದರೆ ಓಮ್ ಲೆಕ್ಕದಲ್ಲಿ ಅಳೆಯುವ ಕರೆಂಟಿನ ತಡೆ, ಇಳಿಯುತ್ತದೆ. ಜಾಸ್ತಿ ಬಳಕೆಯಲ್ಲಿರುವುದು 25 ಡಿಗ್ರಿಯಲ್ಲಿ 10 ಕಿಲೋ ಓಮ್ ತೋರಿಸುವಂಥದ್ದು. 12, 15 ಕಿಲೋ ಓಮ್‌ನವೂ ಇವೆ. ನೋಡಲು ಎಲ್ಲವೂ ಒಂದೇ ಥರ, ಎಡವಟ್ಟಾಗುವುದೇ ಅಲ್ಲಿ. 10ರದು ಬೇಕಿದ್ದ ಕಡೆ 15ರದನ್ನು ಹಾಕಿದಿರಿ ಅನ್ನಿ. ನೆಲ 25 ಡಿಗ್ರಿ ಇದ್ದರೂ ಥರ್ಮೋಸ್ಟಾಟ್ 16ರ ಆಸುಪಾಸು ಎಂದುಕೊಂಡು ಕಾಯಿಸುತ್ತಲೇ ಹೋಗುತ್ತದೆ. ಮೇಲೆ ಮರದ ಹಲಗೆ ಹಾಸಿದ್ದರೆ ಕೆಟ್ಟಂತೆಯೇ. ಅದಕ್ಕೆ ಸಾಮಾನ್ಯವಾಗಿ 27 ಡಿಗ್ರಿಯೇ ಮಿತಿ.

‘10 ಕಿಲೋ’ ಎಂದು ಬರೆದಿದ್ದರಷ್ಟೇ ಸಾಲದು. ಪುಸ್ತಕದಲ್ಲಿರುವ ಡಿಗ್ರಿ–ಓಮ್ ಪಟ್ಟಿಯೂ ಹೊಂದಬೇಕು. 20 ಡಿಗ್ರಿಯಲ್ಲಿ ಸುಮಾರು 12.5, 30ರಲ್ಲಿ ಸುಮಾರು 8 ಕಿಲೋ ಓಮ್ ಬಂದರೆ ಸಾಮಾನ್ಯವಾಗಿ ಸರಿ.

ಪಿಟಿ1000 ಎಂಬ ಪ್ಲಾಟಿನಂ ಸೆನ್ಸರ್ ಕೂಡ ಒಳ್ಳೆಯದೇ, ಥರ್ಮೋಸ್ಟಾಟ್ ಒಪ್ಪಿದರೆ. ಡಿಎಸ್18ಬಿ20 ಎಂಬ ಡಿಜಿಟಲ್ ಸೆನ್ಸರ್ ಸ್ವಂತ ಸರ್ಕ್ಯೂಟ್ ಕಟ್ಟುವವರಿಗೆ. ಅದರ ನಕಲಿಗಳೂ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಗೋಡೆಯ ಮಾಮೂಲಿ ಥರ್ಮೋಸ್ಟಾಟಿಗೆ ಅದು ಅರ್ಥವಾಗುವುದಿಲ್ಲ, ಸುಮ್ನೆ ಕೊಳ್ಳಬೇಡಿ.

ಆಮೇಲೆ ಪೈಪ್. ಸೆನ್ಸರ್ ಇದರೊಳಗಿದ್ದರೆ, ಕೆಟ್ಟಾಗ ಟೈಲ್ಸ್ ಒಡೆಯದೆ ಎಳೆದು ಬದಲಿಸಬಹುದು. ಸೆನ್ಸರ್ ಸಲೀಸಾಗಿ ಜಾರುವಷ್ಟು ಅಗಲದ್ದು ಬೇಕು. ಅಂಟು ನುಗ್ಗದಂತೆ ನೆಲದೊಳಗಿನ ತುದಿಯನ್ನು ಮುಚ್ಚಿ. ಗೋಡೆಯಿಂದ ನೆಲಕ್ಕೆ ಇಳಿಯುವಲ್ಲಿ ಚೂಪಾಗಿ ಮಡಚದೆ ದೊಡ್ಡದಾಗಿ ಬಾಗಿಸಿ. ತುದಿ ಎರಡು ಕೇಬಲ್ ಸಾಲಿನ ನಟ್ಟನಡುವೆ ಇರಲಿ. ಒಂದಕ್ಕೆ ಒತ್ತಿಕೊಂಡರೆ ನೆಲ ಕಾಯುವ ಮೊದಲೇ ಕರೆಂಟ್ ನಿಲ್ಲುತ್ತದೆ. ಬಿಸಿನೀರಿನ ಪೈಪಿನ ಪಕ್ಕ ಬೇಡ, ಕಾಲೊರಸಿನ ಅಡಿಯೂ ಬೇಡ. ಟೈಲ್ಸ್ ಕೂರಿಸುವ ಮೊದಲು ಸೆನ್ಸರನ್ನು ಒಮ್ಮೆ ಪೂರ್ತಿ ಎಳೆದು, ಮತ್ತೆ ತಳ್ಳಿ ನೋಡಿ. ಈಗಲೇ ಸಿಕ್ಕಿಕೊಂಡರೆ ಐದು ವರ್ಷದ ಮೇಲೆ ಖಂಡಿತ ಬರುವುದಿಲ್ಲ ಅಲ್ವಾ?

ಮಲ್ಟಿಮೀಟರಿನಲ್ಲಿ ಮೂರು ಸಲ ಅಳೆಯಿರಿ: ಡಬ್ಬ ಬಿಚ್ಚಿದಾಗ, ಪೈಪಿಗೆ ಹಾಕಿದಾಗ, ಟೈಲ್ಸ್ ಕೂತ ಮೇಲೆ. ಓದಿದ ಅಂಕಿಯ ಪಕ್ಕದಲ್ಲೇ ಕೋಣೆಯ ಡಿಗ್ರಿಯನ್ನೂ ಬರೆದಿಡಿ. ನಾನು ಈ ಸಲ ಥರ್ಮೋಸ್ಟಾಟ್ ಡಬ್ಬದ ಒಳಗೇ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಜೋಡಣೆಯಾದ ಮೇಲೆ ಅಳೆಯುವುದಾದರೆ ಮೊದಲು ಮೇನ್ ಆಫ್ ಮಾಡಿ. ಕೆಲವು ಥರ್ಮೋಸ್ಟಾಟುಗಳಲ್ಲಿ ಸೆನ್ಸರಿನ ತೆಳು ತಂತಿಯಲ್ಲೂ 230 ವೋಲ್ಟ್ ಇರಬಹುದು. ಕೊನೆಯ ಜೋಡಣೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಎಲ್ಲ ಮುಗಿದ ದಿನವೇ ಬಿಸಿ ಹಾಕಿ ನೋಡುವ ಆಸೆಯಾಗುತ್ತದೆ. ಬೇಡ. ಅಂಟಿನ ಚೀಲದ ಮೇಲೆ ಎಷ್ಟು ದಿನ ಎಂದು ಬರೆದಿದೆಯೋ ಅಷ್ಟು ದಿನ ಚಪ್ಪಲಿ ಹಾಕಿಕೊಂಡೇ ಓಡಾಡಿ.